ಬೆಲ್ಫೆಗೋರ್ ಅವಿಭಾಜ್ಯ ಸಂಖ್ಯೆ: ಪದೇ ಪದೇ ಕೇಳುವ ಪ್ರಶ್ನೆಗಳು

1000000000000066600000000000001

ಈ ಸಂಖ್ಯೆಯ ಬಗ್ಗೆ ಎಲ್ಲಿ ಮಾತನಾಡಿದರೂ, ಏನು ಬರೆದರೂ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಇಟ್ಟು ಉತ್ತರಿಸಿದ್ದೇನೆ. ಮೊದಲರ್ಧಕ್ಕೆ ಹೈಸ್ಕೂಲಿನ ಗಣಿತ ಸಾಕು. ಮುಂದಿನದಕ್ಕೆ ಕಾಗದ, ಪೆನ್ಸಿಲ್ ಹತ್ತಿರವಿರಲಿ.

## ಪರಿಚಯ

ಇಷ್ಟು ಉದ್ದದ ಸಂಖ್ಯೆಯನ್ನು ಕನ್ನಡದಲ್ಲಿ ಓದುವುದು ಹೇಗೆ?

ಒಂದು, ಹದಿಮೂರು ಸೊನ್ನೆ, ಮೂರು ಆರು, ಮತ್ತೆ ಹದಿಮೂರು ಸೊನ್ನೆ, ಕೊನೆಗೊಂದು ಒಂದು. ಒಟ್ಟು 31 ಅಂಕಿ. ಇದನ್ನು ಮಿಲಿಯನ್, ಬಿಲಿಯನ್‌ಗಳಲ್ಲಿ ಓದಲು ಹೋದರೆ ನಾಲಿಗೆ ತೊಡರುತ್ತದೆ. ನಮ್ಮ ಕೋಟಿಯಲ್ಲಿ ಓದಿ ನೋಡಿ. ಕೋಟಿಗೆ ಏಳು ಸೊನ್ನೆ, ಕೋಟಿ ಕೋಟಿಗೆ ಹದಿನಾಲ್ಕು. ನಡುವಿನ 666ರ ಬಲಕ್ಕೆ ಸರಿಯಾಗಿ ಹದಿನಾಲ್ಕು ಸ್ಥಾನಗಳಿವೆ. ಎಡತುದಿಯ 1ರ ಬಲಕ್ಕೆ ಮೂವತ್ತು. ಹಾಗಾಗಿ ಓದು ಹೀಗೆ: ನೂರು ಕೋಟಿ ಕೋಟಿ ಕೋಟಿ ಕೋಟಿ, ಆರುನೂರ ಅರವತ್ತಾರು ಕೋಟಿ ಕೋಟಿ, ಒಂದು.

ಈ ಓದನ್ನು ನೆನಪಿನಲ್ಲಿಡಿ. ಸಂಖ್ಯೆ ಅವಿಭಾಜ್ಯ ಎಂದು ಸಾಧಿಸುವಾಗ ಬೀಗದ ಕೈ ಇದೇ ಆಗುತ್ತದೆ.

ಹಿಂದಿನಿಂದ ಓದಿದರೂ ಒಂದೇ ಎಂದರೆ 'ವಿಕಟಕವಿ' ಇದ್ದ ಹಾಗೆಯೇ?

ಹೌದು. ಗದಗ, ಕನಕ, ವಿಕಟಕವಿ ಎಂಬ ಪದಗಳಲ್ಲಿ ಅಕ್ಷರಗಳು ಮಾಡುವ ಕೆಲಸವನ್ನು ಇಲ್ಲಿ ಅಂಕಿಗಳು ಮಾಡುತ್ತವೆ. ನಮ್ಮ ಹಳೆಯ ಕಾವ್ಯಶಾಸ್ತ್ರದಲ್ಲಿ ಇದಕ್ಕೆ ಗತಪ್ರತ್ಯಾಗತ ಎಂಬ ಚೆಂದದ ಹೆಸರಿದೆ: ಹೋಗಿ ಮರಳಿ ಬಂದದ್ದು. ಈಗ ಪಾಲಿಂಡ್ರೋಮ್ ಎಂಬ ಮಾತು ಹೆಚ್ಚು ಬಳಕೆಯಲ್ಲಿದೆ. ಜೊತೆಗೆ 1 ಮತ್ತು ಅದೇ ಸಂಖ್ಯೆಯನ್ನು ಬಿಟ್ಟು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದಿದ್ದರೆ ಅದು ಪಾಲಿಂಡ್ರೋಮ್ ಅವಿಭಾಜ್ಯ. ಮೂರಂಕಿಯಲ್ಲಿ ಅಂಥವು ಹದಿನೈದೇ ಇವೆ: 101, 131, 151, 181, 191, 313, 353, 373, 383, 727, 757, 787, 797, 919, 929.

ಬೆಲ್ಫೆಗೋರ್ ಎಂದರೆ ಯಾರು? ಈ ಸಂಖ್ಯೆಯನ್ನು ಮನೆಯಲ್ಲಿ ಬರೆದಿಟ್ಟರೆ ಕೆಟ್ಟದ್ದೇನಾದರೂ ಆಗುತ್ತದೆಯೇ?

ಏನೂ ಆಗುವುದಿಲ್ಲ. ನನ್ನ ಮೇಜಿನ ಮುಂದೆ ಇದನ್ನು ಬರೆದು ಅಂಟಿಸಿಕೊಂಡಿದ್ದೇನೆ.

ಬೆಲ್ಫೆಗೋರ್ ಯುರೋಪಿನ ಕ್ರೈಸ್ತ ನಂಬಿಕೆಗಳಲ್ಲಿ ಬರುವ ನರಕದ ಏಳು ಅಧಿಪತಿಗಳಲ್ಲಿ ಒಬ್ಬ. ಅಮೆರಿಕದ ಗಣಿತ ಲೇಖಕ ಕ್ಲಿಫರ್ಡ್ ಪಿಕೋವರ್ ಈ ಹೆಸರನ್ನು ಸಂಖ್ಯೆಗೆ ಇಟ್ಟರು. ಬೈಬಲಿನ ಪ್ರಕಟನೆ ಗ್ರಂಥದ 13ನೆಯ ಅಧ್ಯಾಯದಲ್ಲಿ 666ನ್ನು ಮೃಗದ ಸಂಖ್ಯೆ ಎಂದು ಕರೆದಿದೆ. ಅದರ ಎರಡೂ ಬದಿಗೆ ಪಶ್ಚಿಮದವರು ಅಶುಭವೆಂದು ಹೆದರುವ 13ರಷ್ಟು ಸೊನ್ನೆಗಳು. ಒಟ್ಟು ಅಂಕಿಗಳ ಎಣಿಕೆ 31, ಅದೂ ತಿರುಗಿಸಿದರೆ 13. ಹೆಸರು ಹುಟ್ಟಿದ್ದು ಈ ಕಾಕತಾಳೀಯಗಳಿಂದ. ಅದೇ ಗ್ರಂಥದ ಒಂದು ಹಳೆಯ ಪ್ರತಿಯಲ್ಲಿ 666ರ ಬದಲು 616 ಎಂದೇ ಇದೆ. ಹೆಸರಿನ ಭಯ ಹೆಸರಿನಲ್ಲೇ ನಿಲ್ಲಲಿ. ಸಂಖ್ಯೆಯೊಳಗೆ ಅದಕ್ಕಿಂತ ಎಷ್ಟೋ ಒಳ್ಳೆಯ ಸಂಗತಿಗಳಿವೆ.

ಕಂಡುಹಿಡಿದವರು ಯಾರು?

ಅಮೆರಿಕದ ನ್ಯೂ ಜೆರ್ಸಿಯಲ್ಲಿದ್ದ ಎಲೆಕ್ಟ್ರಿಕಲ್ ಎಂಜಿನಿಯರ್ ಹಾರ್ವೆ ಡಬ್ನರ್ (1928–2019). 1984ರಲ್ಲಿ ಮಗ ರಾಬರ್ಟ್ ಜೊತೆ ಸೇರಿ, ದೊಡ್ಡ ಸಂಖ್ಯೆಗಳ ಲೆಕ್ಕಕ್ಕೆಂದೇ ಒಂದು ಯಂತ್ರವನ್ನು ರೂಪಿಸಿದ ಮನುಷ್ಯ. ದೊಡ್ಡ ಅವಿಭಾಜ್ಯಗಳ ಬೇಟೆಯಲ್ಲಿ ಅವರದು ಮರೆಯಲಾಗದ ಹೆಸರು.

## ಸಂಖ್ಯೆಯ ಒಡಹುಟ್ಟಿದವು

ಸೊನ್ನೆಗಳು ಹದಿಮೂರೇ ಏಕೆ? ಬೇರೆ ಎಷ್ಟಿದ್ದರೂ ಅವಿಭಾಜ್ಯವೇ ಅಲ್ಲವೇ?

ಅಲ್ಲ. ಸೊನ್ನೆಯೇ ಇಲ್ಲದ 16661 ಅವಿಭಾಜ್ಯ. ಪ್ರತಿ ಬದಿಗೆ ಒಂದು ಸೊನ್ನೆ ಇಟ್ಟರೆ 1066601. ಅದು 967 × 1103. ಅಲ್ಲಿಂದ ಮುಂದೆ ಹನ್ನೆರಡರವರೆಗೂ ಎಲ್ಲವೂ ಒಡೆಯುತ್ತವೆ. ಹದಿಮೂರಕ್ಕೆ ಬಂದಾಗ ಮತ್ತೆ ಅವಿಭಾಜ್ಯ ಸಿಗುತ್ತದೆ. ಅದರ ನಂತರದ್ದು 42 ಸೊನ್ನೆಗಳ, 89 ಅಂಕಿಗಳ ಸಂಖ್ಯೆ. ಆಮೇಲೆ 506, 608, 2472, 2623. ನಡುವಿನ ಬಯಲು ಎಷ್ಟು ವಿಶಾಲ ನೋಡಿ.

ಕೆಲವು ಸ್ಥಾನಗಳು ಏಕೆ ಸೋಲುತ್ತವೆ ಎಂಬುದನ್ನು ಲೆಕ್ಕವಿಲ್ಲದೆಯೇ ಹೇಳಬಹುದು. 10ರ ಘಾತಗಳನ್ನು 7ರಿಂದ ಭಾಗಿಸಿದಾಗ ಬರುವ ಶೇಷಗಳು ಆರು ಹೆಜ್ಜೆಗೊಮ್ಮೆ ಮರುಕಳಿಸುತ್ತವೆ. ಬದಿಗೆ ನಾಲ್ಕು ಸೊನ್ನೆ ಇರುವ 1000066600001 = 7 × 142866657143. ಆದ್ದರಿಂದ 4, 10, 16, 22, 28 ಹೀಗೆ ಆರಾರು ಕೂಡಿದ ಯಾವ ಸ್ಥಾನದಲ್ಲಿಯೂ 7 ಕಾದು ಕುಳಿತಿರುತ್ತದೆ. ಬೇರೆ ಅವಿಭಾಜ್ಯಗಳೂ ತಮ್ಮ ತಮ್ಮ ಸರದಿಯಲ್ಲಿ ಹೀಗೆಯೇ ಬರುತ್ತವೆ. 13 ಸೊನ್ನೆಗಳ ಸಂಖ್ಯೆ ಈ ಎಲ್ಲ ಸರದಿಗಳ ನಡುವೆ ನುಸುಳಿ ಉಳಿದುಕೊಂಡಿದೆ.

666ನ್ನು 3 ಭಾಗಿಸುತ್ತದೆ. ಹಾಗಾದರೆ ಇಡೀ ಸಂಖ್ಯೆಯನ್ನೂ ಭಾಗಿಸಬೇಕಲ್ಲವೇ?

ಈ ಪ್ರಶ್ನೆ ನನಗೆ ತುಂಬ ಇಷ್ಟ, ಏಕೆಂದರೆ ಉತ್ತರ ನಾವು ಎಣಿಸಿದ್ದಕ್ಕೆ ತದ್ವಿರುದ್ಧ. 3 ನಡುವಿನ ಭಾಗವನ್ನು ಭಾಗಿಸುವುದರಿಂದಲೇ ಇಡೀ ಸಂಖ್ಯೆಯನ್ನು ಭಾಗಿಸಲಾರದು. 666ರ ಪಾಲು ಶೇಷವಿಲ್ಲದೆ ಹೋದ ಮೇಲೆ ಉಳಿಯುವುದು ಎರಡು ತುದಿಯ ಎರಡು 1ಗಳು. ಅವುಗಳ ಮೊತ್ತ 2, ಶೇಷವೂ 2. ಅಂಕಿಗಳ ಮೊತ್ತ 20 ಎಂಬುದರಿಂದಲೂ ಇದೇ ತಿಳಿಯುತ್ತದೆ.

666 = 2 × 3 × 3 × 37. ಇದೇ ವಾದವನ್ನು 37ಕ್ಕೂ ಹೂಡಬಹುದು: 10ರ ಘಾತಗಳು 37ರಿಂದ ಬಿಡುವ ಶೇಷಗಳು 1, 10, 26 ಮಾತ್ರ. ಅದಕ್ಕೆ ಕೊನೆಯ 1 ಸೇರಿದರೆ 2, 11, 27. ಸೊನ್ನೆ ಎಂದೂ ಬರುವುದಿಲ್ಲ. 2 ಮತ್ತು 5ರ ಮಾತಂತೂ ಇಲ್ಲ, ಕೊನೆಯ ಅಂಕಿ 1. ಹಾಗಾಗಿ ಸೊನ್ನೆಗಳು ಎಷ್ಟೇ ಇರಲಿ, ಈ ಕುಟುಂಬದ ಯಾವ ಸಂಖ್ಯೆಯನ್ನೂ 2, 3, 5, 37 ಮುಟ್ಟಲಾರವು. 11 ಕೂಡ ಮುಟ್ಟಲಾರದು. ಅದನ್ನು ನೀವೇ ಪರೀಕ್ಷಿಸಿ, ಎರಡು ಸಾಲಿನ ಲೆಕ್ಕ.

666 ತೆಗೆದು ಅಲ್ಲಿಯೂ ಸೊನ್ನೆ ಇಟ್ಟರೆ ಇನ್ನೂ ಸರಳವಾದ ಅವಿಭಾಜ್ಯ ಸಿಗುವುದಿಲ್ಲವೇ?

ಸಿಗುವುದಿಲ್ಲ. ಆಗ ಉಳಿಯುವುದು 10³⁰ + 1. ಇದು 100ರ ಹದಿನೈದನೆಯ ಘಾತಕ್ಕೆ 1 ಕೂಡಿಸಿದ್ದು. ಬೆಸ ಘಾತಕ್ಕೆ 1 ಕೂಡಿಸಿದ್ದನ್ನು ಮೂಲಕ್ಕೆ 1 ಕೂಡಿಸಿದ್ದು ಯಾವಾಗಲೂ ಭಾಗಿಸುತ್ತದೆ. ಇಲ್ಲಿ ಅದು 101. ಎರಡು ತುದಿಯಲ್ಲಿ 1, ನಡುವೆ ಬರೀ ಸೊನ್ನೆ ಇರುವ ಸಂಖ್ಯೆಗಳಲ್ಲಿ ಈವರೆಗೆ ಗೊತ್ತಿರುವ ಅವಿಭಾಜ್ಯಗಳು 11 ಮತ್ತು 101 ಮಾತ್ರ. 1001 = 7 × 11 × 13, 10001 = 73 × 137.

ಇದರ ಪಕ್ಕದ 30 ಅಥವಾ 32 ಅಂಕಿಗಳಲ್ಲಿ ಪಾಲಿಂಡ್ರೋಮ್ ಅವಿಭಾಜ್ಯ ಇದೆಯೇ?

ಇಲ್ಲ, ಎಂದೂ ಇರಲಾರದು. ಅಂಕಿಗಳ ಎಣಿಕೆ ಸಮವಾಗಿರುವ ಪಾಲಿಂಡ್ರೋಮ್‌ನಲ್ಲಿ ಪ್ರತಿ ಅಂಕಿಗೂ ಆ ಕಡೆ ಒಂದು ಜೊತೆಯಿರುತ್ತದೆ. ಒಂದು ಬೆಸ ಸ್ಥಾನದಲ್ಲಿದ್ದರೆ ಇನ್ನೊಂದು ಸಮ ಸ್ಥಾನದಲ್ಲಿ. 11ರ ಭಾಜ್ಯತೆಯ ನಿಯಮದಂತೆ ಕೂಡಿ ಕಳೆದರೆ ಎಲ್ಲವೂ ಹೊಡೆದುಹೋಗಿ ಸೊನ್ನೆ ಬರುತ್ತದೆ. ಆದ್ದರಿಂದ 11 ಒಂದನ್ನು ಬಿಟ್ಟು ಎಲ್ಲ ಪಾಲಿಂಡ್ರೋಮ್ ಅವಿಭಾಜ್ಯಗಳಿಗೂ ಬೆಸ ಎಣಿಕೆಯ ಅಂಕಿಗಳೇ: ಐದಂಕಿಯಲ್ಲಿ 93, ಏಳಂಕಿಯಲ್ಲಿ 668, ಒಂಬತ್ತಂಕಿಯಲ್ಲಿ 5172.

ನಮ್ಮ ನಾಡಿನವರು ಇಂಥ ಸಂಖ್ಯೆಗಳನ್ನು ಗಮನಿಸಿದ್ದರೇ?

ಗಮನಿಸಿದ್ದರು, ಅದೂ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ, ಗುಣಿಸಿದಾಗ ಕೊರಳಹಾರದಂತೆ ಎರಡೂ ಬದಿ ಹೊಂದುವ ಗುಣಲಬ್ಧಗಳನ್ನು ಕೊಟ್ಟಿದ್ದಾನೆ. 139 × 109 = 15151 ಅವುಗಳಲ್ಲಿ ಒಂದು. 142857143 × 7 = 1000000001 ಇನ್ನೊಂದು. ಮೇಲೆ ಬಂದ 142866657143 × 7 ಎಂಬ ಗುಣಾಕಾರದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಎರಡೂ ಒಂದೇ ಮನೆಯವು. ಅವನ ಹಾರಗಳು ಗುಣಾಕಾರದಿಂದ ಹುಟ್ಟಿದವು, ಅಂದರೆ ಒಡೆಯಬಲ್ಲವು. ಬೆಲ್ಫೆಗೋರ್ ಒಡೆಯದ ಹಾರ. ಮಳಖೇಡದ ಕೋಟೆಯ ಚಿತ್ರ ಕಂಡಾಗಲೆಲ್ಲ ನನಗೆ ಆ ಗುಣಾಕಾರಗಳು ನೆನಪಾಗುತ್ತವೆ.

## ಅವಿಭಾಜ್ಯ ಎಂದು ಖಚಿತವಾಗುವುದು ಹೇಗೆ?

ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ ಹೋದರೆ ಸಾಕಲ್ಲವೇ?

ಸಾಕು, ವರ್ಗಮೂಲದವರೆಗೆ ಹೋದರೆ. ಇಲ್ಲಿ ವರ್ಗಮೂಲ ಸುಮಾರು 10¹⁵. ಸೆಕೆಂಡಿಗೆ ನೂರು ಕೋಟಿ ಭಾಗಾಕಾರ ಮಾಡುವ ಯಂತ್ರಕ್ಕೆ ಹತ್ತು ಲಕ್ಷ ಸೆಕೆಂಡು, ಅಂದರೆ ಹನ್ನೊಂದೂವರೆ ದಿನ ಬೇಕು. ಸಮಸಂಖ್ಯೆಗಳನ್ನು ಬಿಟ್ಟರೆ ಅದರ ಅರ್ಧ. ಆಗದ ಕೆಲಸವೇನಲ್ಲ. ಆದರೆ 42 ಸೊನ್ನೆಗಳ ತಮ್ಮನಿಗೆ ಇದೇ ದಾರಿ ಹಿಡಿದರೆ ಭೂಮಿಯ ವಯಸ್ಸೂ ಸಾಲದು.

ಫರ್ಮಾನ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಅವಿಭಾಜ್ಯ ಎಂದು ನಂಬಬಹುದೇ?

ನಂಬಬಾರದು. ಫರ್ಮಾನ ಮಾತು ಹೀಗಿದೆ: ಸಂಖ್ಯೆ ಅವಿಭಾಜ್ಯವಾಗಿದ್ದರೆ, ಅದು ಭಾಗಿಸದ ಯಾವ ಆಧಾರವನ್ನಾದರೂ ಅದಕ್ಕಿಂತ ಒಂದು ಕಡಿಮೆಯಾದ ಘಾತಕ್ಕೆ ಏರಿಸಿ ಭಾಗಿಸಿದಾಗ ಶೇಷ 1. ಇದರ ವಿಲೋಮ ನಿಜವಲ್ಲ. 561 = 3 × 11 × 17, ಆದರೂ ತನ್ನೊಡನೆ ಸಾಮಾನ್ಯ ಅಪವರ್ತನವಿಲ್ಲದ ಎಲ್ಲ ಆಧಾರಗಳಿಗೂ ಅದು ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಪರೀಕ್ಷೆಯಲ್ಲಿ ಸೋತದ್ದು ಖಂಡಿತ ಒಡೆಯುತ್ತದೆ. ಗೆದ್ದದ್ದರ ಬಗ್ಗೆ ಇನ್ನೂ ಸಾಧನೆ ಬೇಕು.

ಕಂಪ್ಯೂಟರ್ ಹೇಳಿತು ಎಂದು ಒಪ್ಪಿಕೊಳ್ಳಲು ಮನಸ್ಸಿಲ್ಲ. ನಾನೇ ಅರ್ಥಮಾಡಿಕೊಳ್ಳಬಹುದಾದ ಸಾಧನೆ ಇದೆಯೇ?

ಇದೆ. ಈ ಸಂಖ್ಯೆಯನ್ನು ನಾನು ಇಷ್ಟು ಹಚ್ಚಿಕೊಳ್ಳಲು ಕಾರಣವೂ ಅದೇ. ನಿಧಾನವಾಗಿ ಓದಿ.

ಕೋಟಿ ಕೋಟಿಯನ್ನು, ಅಂದರೆ 10¹⁴ನ್ನು, 'ಮ' ಎಂದು ಕರೆಯೋಣ. ಮೊದಲ ಪ್ರಶ್ನೆಯಲ್ಲಿ ಕನ್ನಡದಲ್ಲಿ ಓದಿದ್ದನ್ನೇ ಬರೆದರೆ ಸಂಖ್ಯೆ ಹೀಗಾಗುತ್ತದೆ:

100 × ಮ × ಮ + 666 × ಮ + 1

ಇದರಿಂದ 1 ಕಳೆದರೆ ಉಳಿದದ್ದನ್ನು 'ಮ' ಭಾಗಿಸುತ್ತದೆ, ಮತ್ತು 'ಮ'ದ ಅವಿಭಾಜ್ಯ ಅಪವರ್ತನಗಳು 2 ಮತ್ತು 5 ಎರಡೇ. ಇಲ್ಲಿ ಹೆನ್ರಿ ಪಾಕ್ಲಿಂಗ್‌ಟನ್ 1914ರಲ್ಲಿ ಕೊಟ್ಟ ಪ್ರಮೇಯ ನೆರವಿಗೆ ಬರುತ್ತದೆ. ಒಂದು ಆಧಾರ ಸಂಖ್ಯೆ ಫರ್ಮಾನ ಪರೀಕ್ಷೆಯಲ್ಲಿ ಗೆಲ್ಲಬೇಕು. ಜೊತೆಗೆ, ಘಾತವನ್ನು 2ರಿಂದ ಭಾಗಿಸಿ ಮತ್ತೆ ಏರಿಸಿದಾಗ ಬಂದದ್ದರಿಂದ 1 ಕಳೆದರೆ, ಅದಕ್ಕೂ ನಮ್ಮ ಸಂಖ್ಯೆಗೂ ಸಾಮಾನ್ಯ ಅಪವರ್ತನ ಇರಬಾರದು. 5ಕ್ಕೂ ಹೀಗೆಯೇ, ಅದಕ್ಕೆ ಬೇರೆ ಆಧಾರವನ್ನು ಬಳಸಿದರೂ ಸರಿ. 2ರ ಪಾಲಿಗೆ 3 ಎಂಬ ಆಧಾರವೇ ಸಾಕು: ಅರ್ಧ ಘಾತಕ್ಕೆ ಏರಿಸಿದಾಗ ಶೇಷ −1 ಬರುತ್ತದೆ. ಇಷ್ಟು ಕೈಗೂಡಿದರೆ ಪ್ರಮೇಯದ ತೀರ್ಮಾನ ಬಲವಾದದ್ದು: ಸಂಖ್ಯೆಯ ಪ್ರತಿಯೊಂದು ಅಪವರ್ತನವೂ 'ಮ'ದ ಅಪವರ್ತ್ಯಕ್ಕೆ 1 ಕೂಡಿಸಿದ್ದೇ ಆಗಿರಬೇಕು.

ಈಗ ಸಂಖ್ಯೆ ಒಡೆಯುತ್ತದೆ ಎಂದೇ ಇಟ್ಟುಕೊಳ್ಳಿ. ಹಾಗಿದ್ದರೆ ಅದು (ಕ × ಮ + 1) × (ಖ × ಮ + 1) ಆಗಿರಬೇಕು. ಗುಣಿಸಿ ಬಿಡಿಸಿದರೆ

ಕ × ಖ × ಮ × ಮ + (ಕ + ಖ) × ಮ + 1

ಮೇಲಿನ ಸಾಲಿನೊಡನೆ ಹೋಲಿಸಿ. ಕ ಮತ್ತು ಖಗಳ ಗುಣಲಬ್ಧ 100, ಮೊತ್ತ 666 ಆಗಬೇಕು. ಗುಣಲಬ್ಧ 100 ಬರುವ ಜೋಡಿಗಳು ಐದೇ: 1 ಮತ್ತು 100, 2 ಮತ್ತು 50, 4 ಮತ್ತು 25, 5 ಮತ್ತು 20, 10 ಮತ್ತು 10. ಅವುಗಳ ಮೊತ್ತಗಳು 101, 52, 29, 25, 20. ಒಂದೂ 666 ಅಲ್ಲ. ಆದ್ದರಿಂದ ಸಂಖ್ಯೆ ಒಡೆಯುವುದಿಲ್ಲ.

ಜಾಗರೂಕ ಓದುಗರು ಇಲ್ಲಿ ತಡೆದು ಕೇಳುತ್ತಾರೆ: ಮೊತ್ತ 'ಮ'ವನ್ನೂ ಮೀರಿ, ಒಂದು 'ಮ' ಮುಂದಿನ ಸ್ಥಾನಕ್ಕೆ ದಶಕವಾಗಿ ಹೋಗಿರಬಹುದಲ್ಲ? ಹೋಗಿದ್ದರೆ ಗುಣಲಬ್ಧ 100ಕ್ಕಿಂತ ಕಡಿಮೆಯಾಗಿರಬೇಕು, ಮೊತ್ತ ಕೋಟಿ ಕೋಟಿಗಿಂತ ಹೆಚ್ಚಾಗಿರಬೇಕು. ನೂರರೊಳಗಿನ ಗುಣಲಬ್ಧ ಕೊಡುವ ಎರಡು ಸಂಖ್ಯೆಗಳ ಮೊತ್ತ ನೂರನ್ನೇ ದಾಟುವುದಿಲ್ಲ. ಆ ಬಾಗಿಲೂ ಮುಚ್ಚಿತು.

ಇದರಲ್ಲಿ ನಿಜವಾದ ದುಡಿಮೆ ಘಾತಕ್ಕೆ ಏರಿಸುವುದಷ್ಟೇ: ಪ್ರತಿ ಬಾರಿ ವರ್ಗಮಾಡಿ ಶೇಷ ಹಿಡಿಯುತ್ತಾ ಹೋದರೆ ಸುಮಾರು ನೂರು ಹೆಜ್ಜೆ. ಉಳಿದದ್ದೆಲ್ಲ ಅಂಗೈ ಅಗಲದ ಕಾಗದದಲ್ಲಿ ಮುಗಿಯುತ್ತದೆ. ಇನ್ನೊಂದನ್ನು ಗಮನಿಸಿ. ಸೊನ್ನೆಗಳ ಎಣಿಕೆ ಬದಲಾದರೆ 'ಮ' ಮಾತ್ರ ಬದಲಾಗುತ್ತದೆ. 100, 666, 1 ಹಾಗೆಯೇ ಉಳಿಯುತ್ತವೆ. 2623 ಸೊನ್ನೆಗಳ, 5251 ಅಂಕಿಗಳ ಅಣ್ಣನಿಗೂ ಇದೇ ಐದು ಜೋಡಿಗಳ ವಾದ ಸಾಕು.

ಐಐಟಿ ಕಾನ್ಪುರದವರು ಕಂಡುಹಿಡಿದ ವಿಧಾನವನ್ನು ಇಲ್ಲಿ ಏಕೆ ಬಳಸುವುದಿಲ್ಲ?

2002ರಲ್ಲಿ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟ ವಿಧಾನದ ಮಹತ್ವ ಬೇರೆ. ಯಾವುದೇ ಆಕಾರದ ಸಂಖ್ಯೆಯಾಗಲಿ, ಅಂಕಿಗಳ ಎಣಿಕೆಯ ಬಹುಪದೋಕ್ತಿಯಷ್ಟೇ ಹೆಜ್ಜೆಗಳಲ್ಲಿ ಖಚಿತ ಉತ್ತರ ಸಿಗುತ್ತದೆ ಎಂದು ಅವರು ತೋರಿಸಿಕೊಟ್ಟರು. ಆದರೆ ಬಳಕೆಯಲ್ಲಿ ಅದು ನಿಧಾನ. ನಮ್ಮ ಸಂಖ್ಯೆಯಂತೆ 1 ಕಳೆದಾಗ ಸುಲಭವಾಗಿ ಬಿಚ್ಚಿಕೊಳ್ಳುವವಕ್ಕೆ ಪಾಕ್ಲಿಂಗ್‌ಟನ್ ದಾರಿಯೇ ಬೇಗದ್ದು.

## ಇನ್ನಷ್ಟು ಒಳಗೆ

ಬೈನರಿಯಲ್ಲಿ ಬರೆದರೂ ಇದು ಪಾಲಿಂಡ್ರೋಮ್ ಆಗಿಯೇ ಇರುತ್ತದೆಯೇ?

ಇಲ್ಲ. ಬೈನರಿಯಲ್ಲಿ ಇದಕ್ಕೆ 100 ಅಂಕಿಗಳು. ಸಂಖ್ಯೆಯಿಂದ 1 ಕಳೆದದ್ದನ್ನು 2 ಸರಿಯಾಗಿ ಹದಿನೈದು ಬಾರಿ ಭಾಗಿಸುತ್ತದೆ, ಆದ್ದರಿಂದ ಬಲತುದಿಯ 1ರ ಹಿಂದೆ ಹದಿನಾಲ್ಕು ಸೊನ್ನೆಗಳಿವೆ. ಎಡತುದಿಯಲ್ಲಾದರೋ 11 ಎಂದೇ ಆರಂಭ. ಅಂದರೆ ಪಾಲಿಂಡ್ರೋಮ್ ಎಂಬುದು ನಾವು ಹತ್ತರ ಪದ್ಧತಿಯಲ್ಲಿ ಬರೆಯುವ ಬಗೆಯ ಗುಣ. ಅವಿಭಾಜ್ಯತೆ ಸಂಖ್ಯೆಯದೇ ಗುಣ. ಯಾವ ಪದ್ಧತಿಯಲ್ಲಿ ಬರೆದರೂ ಅದು ಕದಲದು.

ಬೇರೆ ಯಾವ ಗುಣಗಳಿವೆ?

4ರಿಂದ ಭಾಗಿಸಿದಾಗ ಶೇಷ 1 ಬರುವ ಅವಿಭಾಜ್ಯವಾದ್ದರಿಂದ ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. ಇನ್ನೊಂದು, ನನಗೆ ಅಚ್ಚುಮೆಚ್ಚಿನದು: ಇದರ ವ್ಯುತ್ಕ್ರಮವನ್ನು ದಶಮಾಂಶದಲ್ಲಿ ಬರೆದರೆ ಅಂಕಿಗಳು ಒಂದು ಅವಧಿಯ ನಂತರ ಮರುಕಳಿಸುತ್ತವೆ. ಆ ಅವಧಿಯ ಉದ್ದ 500000000000033300000000000000 ಎಂಬ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ. 666ರ ಅರ್ಧ ಅಲ್ಲಿ ಬಂದು ಕುಳಿತಿದೆ.

ಬ್ಯಾಂಕಿನ ಗೂಢಲಿಪಿಗೆ ದೊಡ್ಡ ಅವಿಭಾಜ್ಯಗಳು ಬೇಕಂತೆ. ಇದನ್ನು ಬಳಸಬಹುದೇ?

ಬಳಸಬಾರದು. ಅಲ್ಲಿ ಬೇಕಾಗುವ ಅವಿಭಾಜ್ಯಗಳಿಗೆ ಮುನ್ನೂರಕ್ಕೂ ಹೆಚ್ಚು ಅಂಕಿಗಳಿರುತ್ತವೆ, ಮತ್ತು ಅವನ್ನು ಯಾರೂ ಊಹಿಸಲಾಗದಂತೆ ಆರಿಸಿರಬೇಕು. ಲೋಕಕ್ಕೆಲ್ಲ ಗೊತ್ತಿರುವ ಸಂಖ್ಯೆಯಿಂದ ಗುಟ್ಟು ಕಾಯಲಾಗದು.

ಪಾಲಿಂಡ್ರೋಮ್ ಅವಿಭಾಜ್ಯಗಳಿಗೆ ಕೊನೆಯಿದೆಯೇ? ಎಲ್ಲಕ್ಕಿಂತ ದೊಡ್ಡದು ಯಾವುದು?

ಕೊನೆಯಿದೆಯೋ ಇಲ್ಲವೋ ಯಾರೂ ಸಾಧಿಸಿಲ್ಲ. 2004ರಲ್ಲಿ ಬ್ಯಾಂಕ್ಸ್, ಹಾರ್ಟ್, ಸಕಾಟಾ ಎಂಬ ಮೂವರು, ಪಾಲಿಂಡ್ರೋಮ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಂಯುಕ್ತ ಸಂಖ್ಯೆಗಳೇ ಎಂದು ಸಾಧಿಸಿದರು. ಅವಿಭಾಜ್ಯಗಳ ಪ್ರಮಾಣ ಸೊನ್ನೆಯತ್ತ ಇಳಿಯುತ್ತದೆ ಎಂದಷ್ಟೇ ಅದರ ಅರ್ಥ. ಅವು ಮುಗಿದುಹೋಗುತ್ತವೆ ಎಂದಲ್ಲ. ಬೆಲ್ಫೆಗೋರ್ ಕುಟುಂಬದ ಮಟ್ಟಿಗೂ ಹೀಗೆಯೇ. 10³⁰ರ ಆಸುಪಾಸಿನಲ್ಲಿ ಸರಾಸರಿ 69 ಸಂಖ್ಯೆಗಳಿಗೊಂದು ಅವಿಭಾಜ್ಯ ಸಿಗುತ್ತದೆ, ಅಂಕಿಗಳು ಹೆಚ್ಚಿದಂತೆ ಅದು ವಿರಳವಾಗುತ್ತದೆ. ಆದರೂ ಇಳಿಕೆ ಎಷ್ಟು ನಿಧಾನವೆಂದರೆ, ಅಂದಾಜಿನ ಲೆಕ್ಕ ಈ ಕುಟುಂಬಕ್ಕೆ ಕೊನೆಯಿಲ್ಲ ಎಂದೇ ಸೂಚಿಸುತ್ತದೆ. ನಾನು ಹಾಗೆಂದೇ ನಂಬಿದ್ದೇನೆ, ಸಾಧನೆ ಇಲ್ಲದಿದ್ದರೂ.

ದೊಡ್ಡವುಗಳ ಪೈಕಿ 2021ರಲ್ಲಿ ರಯಾನ್ ಪ್ರಾಪರ್ ಮತ್ತು ಸೆರ್ಗೆ ಬಟಲೋವ್ ಕಂಡುಹಿಡಿದದ್ದಕ್ಕೆ 18,88,529 ಅಂಕಿಗಳು. ಅದನ್ನು ವರ್ಣಿಸಲು ಒಂದೇ ಸಾಲು ಸಾಕು: ನಟ್ಟನಡುವೆ ಒಂದು 8, ಅದರ ಎರಡೂ ಬದಿಗೆ 9,44,264 ಒಂಬತ್ತುಗಳು. ನಮ್ಮ ಸಂಖ್ಯೆ 1 ಕಳೆದರೆ ಬಿಚ್ಚಿಕೊಳ್ಳುತ್ತದೆ. ಅದು 1 ಕೂಡಿಸಿದರೆ. ಕೂಡಿಸಿದ ಕೂಡಲೇ ಬಲಗಡೆಯ ಒಂಬತ್ತುಗಳೆಲ್ಲ ಸೊನ್ನೆಗಳಾಗಿ, ನಡುವಿನ 8 ಒಂಬತ್ತಾಗಿ, 10ರ ಬಹುದೊಡ್ಡ ಘಾತವೊಂದು ಹೊರಗೆ ಬರುತ್ತದೆ. ಅಂಥ ಆಕಾರಕ್ಕೆ ಲುಕಾಸ್ ತೋರಿಸಿದ ಇನ್ನೊಂದು ಬಗೆಯ ಪರೀಕ್ಷೆ ಇದೆ. ಕುತೂಹಲವಿದ್ದವರು ಮೊದಲು 5, 7 ಅಂಕಿಗಳ ಚಿಕ್ಕ ಮಾದರಿಗಳನ್ನು ತೆಗೆದುಕೊಂಡು 1 ಕೂಡಿಸಿ ನೋಡಿ: 99899ರಿಂದ 99900, 9998999ರಿಂದ 9999000.